ಎಂಟರ್ ಒತ್ತಿದರೆ ಸಾಕಿತ್ತು

"ತಮ್ಮಾ, ಇವತ್ತು ಒಂದು ವಿಚಿತ್ರ ಆಯ್ತು ಮಾರಾಯ. ತಪ್ಪು ಪಾಸ್‌ವರ್ಡ್ ಹಾಕಿದೆ. ಆದ್ರೂ ಒಳಗೆ ಬಿಡ್ತು."

ಆಷಾಢದ ಮಳೆ ಹಿಡಿದು ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ಈ ಫೋನ್ ಬಂತು. ಮಾಡಿದ್ದು ತೀರ್ಥಹಳ್ಳಿಯಾಚೆ, ಆಗುಂಬೆ ದಾರಿಯಲ್ಲಿರುವ ಒಂದು ಅಡಿಕೆ ಖರೀದಿ ಶಾಖೆಯ ಅಕ್ಕ. ಬಿಲ್ಲಿಂಗ್, ಲೆಕ್ಕ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ನಾನು ಶಿವಮೊಗ್ಗದಲ್ಲಿ ಕೂತು ಆ ಮಂಡಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು.

"ತಪ್ಪು ಅಂತ ನಿಮಗೆ ಹೇಗೆ ಗೊತ್ತಾಯ್ತು ಅಕ್ಕ?" ಅಂದೆ.

"ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್ ಆನ್ ಆಗಿತ್ತು. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕೆ ಬರುತ್ತಲ್ಲ, ಕಾಣ್ಲಿಲ್ಲ. ಒಳಗೆ ಹೋಗಿ ರೈತರ ಹೆಸರು ಹುಡುಕೋಕೆ ಹೋದಾಗ ಕನ್ನಡ ಅಕ್ಷರ ಬಂತು. ಹಾಗಾದ್ರೆ ಪಾಸ್‌ವರ್ಡೂ ಕನ್ನಡದಲ್ಲೇ ಹೋಗಿರ್ಬೇಕಲ್ವಾ?"

ಈ ಅಕ್ಕನಷ್ಟು ಸೂಕ್ಷ್ಮ ನನಗೆ ಇದ್ದಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಇನ್ನೊಂದು ಸಲ ಬೇಕಂತಲೇ ತಪ್ಪು ಹಾಕಿ ನೋಡಿ ಅಂದೆ. ಅವರು ತಮ್ಮ ಮನೆಯ ಹಸುವಿನ ಹೆಸರು ಹಾಕಿದರು. ಒಳಗೆ ಹೋಯಿತು.

ನಮ್ಮ ವ್ಯವಸ್ಥೆ ಹೀಗಿತ್ತು. ಶಿವಮೊಗ್ಗದ ಮುಖ್ಯ ಮಂಡಿಯಲ್ಲಿ ಒಂದು ಲಿನಕ್ಸ್ ಸರ್ವರ್. ಅದರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್, 13ನೇ ಆವೃತ್ತಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮತ್ತು ಈ ಅಕ್ಕನ ಊರು, ಹೀಗೆ ನಾಲ್ಕು ಶಾಖೆ. ಪ್ರತಿ ಶಾಖೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್. ಅದು ಓಡಿಬಿಸಿ ಡ್ರೈವರ್ ಅನ್ನುವ ದುಭಾಷಿಯ ಮೂಲಕ ನೇರವಾಗಿ ಡೇಟಾಬೇಸಿನ ಜೊತೆ ಮಾತಾಡುತ್ತದೆ. ನಡುವೆ ರೂಟರ್‌ನಿಂದ ರೂಟರ್‌ಗೆ ಒಂದು ಸುರಂಗ, ಅಂದರೆ ವಿಪಿಎನ್. ರಾಶಿ, ಬೆಟ್ಟೆ, ಸರಕು, ಗೊರಬಲು ಯಾರದ್ದು ಎಷ್ಟು ಕ್ವಿಂಟಲ್, ಯಾವ ದರಕ್ಕೆ ಹೋಯಿತು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ, ಎಲ್ಲ ಅದರಲ್ಲೇ. ದರ ಬಿಡಿ, ಪೇಪರಿನಲ್ಲೂ ಬರುತ್ತದೆ. ಮುಂಗಡದ ಲೆಕ್ಕ ಹಾಗಲ್ಲ. ಮಲೆನಾಡಿನಲ್ಲಿ ಯಾರ ತೋಟದ ಮೇಲೆ ಎಷ್ಟು ಸಾಲ ಇದೆ ಅನ್ನುವುದು ಊರಿಗೆ ಗೊತ್ತಾದರೆ ಮದುವೆ ಮಾತುಕತೆಯೇ ಮುರಿದು ಬೀಳಬಹುದು.

ಸರ್ವರ್‌ಗೆ ಲಾಗಿನ್ ಆಗಿ ಪಿಜಿ ಎಚ್‌ಬಿಎ ಅನ್ನುವ ಫೈಲ್ ತೆಗೆದೆ. ಪೋಸ್ಟ್‌ಗ್ರೆಸ್‌ನಲ್ಲಿ ಯಾರನ್ನು ಒಳಗೆ ಬಿಡಬೇಕು ಅಂತ ತೀರ್ಮಾನ ಆಗುವುದು ಅಲ್ಲೇ. ಒಂದೊಂದು ಸಾಲಿನಲ್ಲಿ ಐದು ವಿಷಯ ಇರುತ್ತವೆ. ಯಾವ ಬಗೆಯ ಸಂಪರ್ಕ, ಯಾವ ಡೇಟಾಬೇಸ್, ಯಾವ ಬಳಕೆದಾರ, ಯಾವ ವಿಳಾಸದಿಂದ, ಗುರುತು ಕೇಳುವ ವಿಧಾನ ಯಾವುದು. ಮೊದಲನೇ ಸಾಲೇ ಹೀಗಿತ್ತು: ಹೋಸ್ಟ್, ಆಲ್, ಆಲ್, 0.0.0.0/0, ಟ್ರಸ್ಟ್. ಅಂದರೆ ಯಾವ ವಿಳಾಸದಿಂದ ಬಂದರೂ, ಯಾವ ಹೆಸರು ಹೇಳಿದರೂ, ನಂಬು. ಅದರ ಮೇಲೆ ಹಿಂದೆ ಕೆಲಸ ಮಾಡಿಕೊಟ್ಟವರು ಬರೆದಿಟ್ಟ ಒಂದೇ ಪದದ ಟಿಪ್ಪಣಿ: "ಟೆಂಪರರಿ". ಫೈಲಿನ ತಾರೀಖು ನೋಡಿದರೆ ನಾಲ್ಕು ವರ್ಷ ಹಳೆಯದು.

ತಮಾಷೆ ಅಂದರೆ ಅದರ ಕೆಳಗೇ ಪಾಸ್‌ವರ್ಡ್ ಕೇಳುವ ಸಾಲು ಒಂದು ನೀಟಾಗಿ ಇತ್ತು. ಆದರೆ ಪೋಸ್ಟ್‌ಗ್ರೆಸ್ ಈ ಫೈಲನ್ನು ಮೇಲಿನಿಂದ ಓದುತ್ತದೆ. ಮೊದಲು ಹೊಂದುವ ಸಾಲು ಯಾವುದೋ ಅದೇ ಕೊನೆ ಮಾತು. ಕೆಳಗಿನ ಸಾಲಿಗೆ ನಾಲ್ಕು ವರ್ಷದಿಂದ ಕೆಲಸವೇ ಇರಲಿಲ್ಲ. ಶಾಖೆಯವರು ದಿನಾ ಬೆಳಿಗ್ಗೆ ಭಕ್ತಿಯಿಂದ ಹೊಡೆಯುತ್ತಿದ್ದ ಪಾಸ್‌ವರ್ಡನ್ನು ಸರ್ವರ್ ಕೇಳುತ್ತಲೇ ಇರಲಿಲ್ಲ. ಸರ್ವರ್ ಕೇಳದಿದ್ದರೆ ಡ್ರೈವರ್ ಅದನ್ನು ಕಳಿಸುವುದೂ ಇಲ್ಲ. ಸಾಲದ್ದಕ್ಕೆ ನಾಲ್ಕೂ ಶಾಖೆಯವರು ಬರುತ್ತಿದ್ದದ್ದು ಒಂದೇ ಹೆಸರಲ್ಲಿ, ಅದೂ ಏನು ಬೇಕಾದರೂ ಅಳಿಸಬಲ್ಲ ಸೂಪರ್‌ಯೂಸರ್ ಹೆಸರಲ್ಲಿ.

ಯಜಮಾನರಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, "ಹೊರಗಿನವರು ಯಾರು ಬರ್ತಾರೆ ಮಾರಾಯ? ವಿಪಿಎನ್ ಇದೆ ಅಂದಿದ್ಯಲ್ಲ. ಒಳಗಿರೋರೆಲ್ಲ ನಮ್ಮೋರೇ" ಅಂದರು.

ನಾನು ಏನೂ ವಾದ ಮಾಡಲಿಲ್ಲ. ಗೋಡೌನಿಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದೆ. ವೈಫೈ ಪಾಸ್‌ವರ್ಡ್ ಅಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು. ಹಮಾಲರು, ಲಾರಿ ಡ್ರೈವರ್‌ಗಳು, ಅಡಿಕೆ ತಂದು ಕಾಯುತ್ತಾ ಕೂರುವ ರೈತರು, ಎಲ್ಲರ ಮೊಬೈಲೂ ಅದಕ್ಕೇ ಸೇರಿಕೊಂಡಿತ್ತು. ಸರ್ವರ್ ಇದ್ದದ್ದೂ ಅದೇ ನೆಟ್‌ವರ್ಕಿನಲ್ಲಿ. ನನ್ನ ಫೋನಿನಿಂದಲೇ ಪಾಸ್‌ವರ್ಡ್ ಇಲ್ಲದೆ ಮುಂಗಡದ ಪಟ್ಟಿ ತೆಗೆದು ತೋರಿಸಿದೆ. ಯಜಮಾನರು ಎಲೆ ಬಾಯಿಗಿಡುವುದನ್ನೇ ಮರೆತರು. "ಸೀಸನ್ ಶುರುವಾಗೋದ್ರೊಳಗೆ ಮುಗ್ಸು" ಅಂದರು.

ಆ ಸಾಲನ್ನು ಒಂದೇ ಏಟಿಗೆ ಅಳಿಸಬಹುದಿತ್ತು. ಅಳಿಸಿದ್ದರೆ ಮರುದಿನ ಬೆಳಿಗ್ಗೆ ನಾಲ್ಕೂ ಶಾಖೆ ಬಂದ್. ಸರಿಯಾದ ಪಾಸ್‌ವರ್ಡ್ ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ನಮ್ಮನ್ನು ಕೆಡಿಸಿದ "ಮೊದಲ ಸಾಲೇ ಕೊನೆ ಮಾತು" ಅನ್ನುವ ನಿಯಮವನ್ನೇ ಹಿಡಿದುಕೊಂಡೆ. ಶಾಖೆಗೊಂದು ಹೊಸ ಹೆಸರು, ಅದಕ್ಕೆ ಬೇಕಾದಷ್ಟೇ ಹಕ್ಕು. ಆ ಹೆಸರಿನ ಸಾಲನ್ನು ಟ್ರಸ್ಟ್ ಸಾಲಿನ ಮೇಲೆ ಬರೆಯುವುದು. ಹೊಸ ಹೆಸರಲ್ಲಿ ಬಂದವರಿಗೆ ಕಟ್ಟುನಿಟ್ಟು, ಹಳೆ ಹೆಸರಲ್ಲಿ ಬಂದವರಿಗೆ ಸದ್ಯಕ್ಕೆ ಹಳೆ ದಾರಿ. ಒಂದೊಂದೇ ಶಾಖೆಯನ್ನು ದಾಟಿಸಿ, ಕೊನೆಗೆ ಟ್ರಸ್ಟ್ ಸಾಲು ಕಿತ್ತು ಹಾಕುವುದು. ಫೈಲ್ ತಿದ್ದಿದ ಮೇಲೆ ಸರ್ವರ್ ನಿಲ್ಲಿಸಿ ಶುರು ಮಾಡುವುದೂ ಬೇಡ, ರೀಲೋಡ್, ಅಂದರೆ ಫೈಲನ್ನು ಮತ್ತೆ ಓದಿಸುವುದು, ಸಾಕು.

ಗುರುತಿನ ವಿಧಾನಕ್ಕೆ ಸ್ಕ್ರ್ಯಾಮ್ ಆರಿಸಿಕೊಂಡೆ. ಪೂರ್ತಿ ಹೆಸರು ಸ್ಕ್ರ್ಯಾಮ್-ಶಾ-256. ಹಳೆಯ ಎಂಡಿ5 ವಿಧಾನದಲ್ಲಿ ಸರ್ವರ್ ಇಟ್ಟುಕೊಂಡ ಹ್ಯಾಶ್, ಅಂದರೆ ಪಾಸ್‌ವರ್ಡನ್ನು ಅರೆದು ಮಾಡಿದ ಗುರುತು, ಯಾರಾದರೂ ಕದ್ದರೆ ಪಾಸ್‌ವರ್ಡ್ ಗೊತ್ತಿಲ್ಲದೆ ಅದನ್ನೇ ಹಿಡಿದುಕೊಂಡು ಒಳಗೆ ಬರಬಹುದು. ಸ್ಕ್ರ್ಯಾಮ್‌ನಲ್ಲಿ ಹಾಗಾಗುವುದಿಲ್ಲ. ಪಾಸ್‌ವರ್ಡಿಗೆ ಒಂದಿಷ್ಟು ಯದ್ವಾತದ್ವಾ ಅಕ್ಷರ ಬೆರೆಸಿ 4096 ಸಲ ಅರೆಯುತ್ತಾರೆ. ಸಂಪರ್ಕದ ಹೊತ್ತಿನಲ್ಲಿ ಎರಡೂ ಕಡೆಯಿಂದ ಆ ಕ್ಷಣಕ್ಕೆ ಹುಟ್ಟಿದ ಅಂಕಿ ಹೋಗುತ್ತದೆ, ಅದಕ್ಕೆ ಸರಿಯಾದ ಉತ್ತರ ಬರಬೇಕು. ಪಾಸ್‌ವರ್ಡ್ ಮಾತ್ರ ತಂತಿಯ ಮೇಲೆ ಹೋಗುವುದೇ ಇಲ್ಲ. ಪೋಸ್ಟ್‌ಗ್ರೆಸ್‌ಗೆ ಇದು ಬಂದದ್ದು 2017ರಲ್ಲಿ, 10ನೇ ಆವೃತ್ತಿಯಲ್ಲಿ. ಕೇಳದೆಯೇ ಸಿಗುವುದು 14ರಿಂದ. ನಮ್ಮದು 13. ನಾನು ಎಡವಿದ್ದೂ ಅಲ್ಲೇ.

ಹೊಸ ಹೆಸರುಗಳನ್ನು ಮಾಡಿ, ಪಾಸ್‌ವರ್ಡ್ ಕೊಟ್ಟು, ಆಮೇಲೆ ಸೆಟ್ಟಿಂಗ್ ಬದಲಾಯಿಸಿದೆ. ಎಷ್ಟು ಸಲ ಸರಿಯಾದ ಪಾಸ್‌ವರ್ಡ್ ಹೊಡೆದರೂ "ಪಾಸ್‌ವರ್ಡ್ ತಪ್ಪು" ಅನ್ನುತ್ತಿತ್ತು. ತಪ್ಪು ಹಾಕಿದರೂ ಬಿಡುತ್ತಿದ್ದ ಸರ್ವರ್ ಈಗ ಸರಿ ಹಾಕಿದರೂ ಬಿಡದು! ಕ್ಲೈಂಟ್‌ಗೆ, ಅಂದರೆ ಒಳಗೆ ಬರಲು ಕೇಳುವ ಕಂಪ್ಯೂಟರಿಗೆ, ಅದು ಕಾರಣ ಹೇಳುವುದಿಲ್ಲ. ಹೇಳಬಾರದು ಕೂಡ, ಎದುರಿಗಿರುವವನು ಕಳ್ಳನೂ ಆಗಿರಬಹುದಲ್ಲ. ಸರ್ವರ್‌ನ ಲಾಗ್ ತೆಗೆದು ನೋಡಿದಾಗ ಗೊತ್ತಾಯಿತು. ನಾನು ಕೊಟ್ಟ ಪಾಸ್‌ವರ್ಡ್‌ಗಳು ಹಳೆಯ ಎಂಡಿ5 ರೂಪದಲ್ಲೇ ಕೂತಿದ್ದವು. ಸೆಟ್ಟಿಂಗ್ ಬದಲಾಯಿಸಿದರೆ ಮುಂದೆ ಕೊಡುವ ಪಾಸ್‌ವರ್ಡ್ ಮಾತ್ರ ಹೊಸ ರೂಪಕ್ಕೆ ಬರುತ್ತದೆ, ಹಿಂದಿನದು ಹಾಗೇ ಇರುತ್ತದೆ. ಎಲ್ಲರಿಗೂ ಮತ್ತೊಮ್ಮೆ ಪಾಸ್‌ವರ್ಡ್ ಕೊಟ್ಟೆ. ಸರಿಹೋಯಿತು.

ಮೊದಲು ಸಾಗರ. ಹತ್ತೇ ನಿಮಿಷದ ಕೆಲಸ ಅಂದುಕೊಂಡು ಹೋಗಿದ್ದೆ. "ಅಥೆಂಟಿಕೇಶನ್ ಮೆಥಡ್ 10 ನಾಟ್ ಸಪೋರ್ಟೆಡ್" ಅಂತ ಬಂತು. ಈ 10 ಅನ್ನುವುದು ಪೋಸ್ಟ್‌ಗ್ರೆಸ್‌ನ ಆವೃತ್ತಿಯಲ್ಲ. ಸರ್ವರ್ "ಯಾವ ಬಗೆಯಲ್ಲಿ ಗುರುತು ತೋರಿಸು" ಅಂತ ಕಳಿಸುವ ಸಂದೇಶದ ಸಂಕೇತ. 5 ಅಂದರೆ ಎಂಡಿ5, 10 ಅಂದರೆ ಸ್ಕ್ರ್ಯಾಮ್ ಸೇರಿರುವ ಗುಂಪು. ಅಲ್ಲಿದ್ದ ಓಡಿಬಿಸಿ ಡ್ರೈವರ್ ತೀರಾ ಹಳೆಯದು, ಅದಕ್ಕೆ 10 ಅಂದರೆ ಏನು ಅಂತಲೇ ಗೊತ್ತಿಲ್ಲ. ಹೊಸದು ಹಾಕಿದೆ. ಆಗಲೂ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಕಾಣಲಿಲ್ಲ. ಯಾಕೆಂದರೆ ಸಾಫ್ಟ್‌ವೇರ್ 32 ಬಿಟ್‌ನದ್ದು, ನಾನು ಹಾಕಿದ್ದು 64 ಬಿಟ್ ಡ್ರೈವರ್. ವಿಂಡೋಸ್‌ನಲ್ಲಿ 64 ಬಿಟ್‌ನ ಓಡಿಬಿಸಿ ಕಿಟಕಿ ಇರುವುದು ಸಿಸ್ಟಮ್32 ಅನ್ನುವ ಫೋಲ್ಡರಿನಲ್ಲಿ, 32 ಬಿಟ್‌ನದ್ದು ಇರುವುದು ಸಿಸ್‌ವಾವ್64ರಲ್ಲಿ. ಹೆಸರಿಟ್ಟ ಪುಣ್ಯಾತ್ಮರಿಗೆ ಒಂದು ನಮಸ್ಕಾರ.

ಹೊಸನಗರದಲ್ಲಿ ತಾಂತ್ರಿಕವಾಗಿ ಏನೂ ತೊಂದರೆ ಆಗಲಿಲ್ಲ. ಅಲ್ಲಿಯ ಹುಡುಗ ಮಾತ್ರ ಬೇಜಾರು ಮಾಡಿಕೊಂಡ. "ಸರ್, ಇಷ್ಟು ದಿನ ಸುಮ್ನೆ ಎಂಟರ್ ಒತ್ತಿದ್ರೆ ಹೋಗ್ತಿತ್ತು. ಈಗ ಯಾಕೆ ಕಷ್ಟ ಕೊಡ್ತೀರಿ?"

"ಎಷ್ಟು ದಿನದಿಂದ ಎಂಟರ್ ಒತ್ತುತ್ತಿದ್ದೀಯಪ್ಪ?"

"ಎರಡು ವರ್ಷ ಆಯ್ತು. ನೀವೇ ಅನುಕೂಲ ಮಾಡಿಕೊಟ್ಟಿದ್ದು ಅಂದ್ಕೊಂಡಿದ್ದೆ."

ಇಷ್ಟಾದರೂ ಅರ್ಧ ಕೆಲಸವೇ. ಶಾಖೆ ತನ್ನ ಗುರುತು ತೋರಿಸುತ್ತಿತ್ತು. ಎದುರಿಗಿರುವುದು ನಮ್ಮದೇ ಸರ್ವರ್ ಅಂತ ಶಾಖೆಗೆ ಖಾತ್ರಿ ಹೇಗೆ? ಗೋಡೆಯ ಮೇಲೆ ಪಾಸ್‌ವರ್ಡ್ ಬರೆದಿಟ್ಟ ನೆಟ್‌ವರ್ಕಿನಲ್ಲಿ ಯಾರೋ ಒಬ್ಬ ಸರ್ವರ್‌ನ ವಿಳಾಸ ತನ್ನದೇ ಅಂತ ಹೇಳಿಕೊಂಡು ಕೂತರೆ? ಅದಕ್ಕೆ ಟಿಎಲ್‌ಎಸ್ ಅನ್ನುವ ಗೂಢಲಿಪಿಯ ಸಂಪರ್ಕ (ಹಳೆ ಹೆಸರು ಎಸ್‌ಎಸ್‌ಎಲ್), ಅದಕ್ಕೆ ಸರ್ಟಿಫಿಕೇಟ್.

ಯಜಮಾನರಿಗೆ ಇದನ್ನು ವಿವರಿಸಲು ತಕ್ಕಡಿ ನೆನಪಾಯಿತು. ಮಂಡಿಯ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯವರು ಮುದ್ರೆ ಹಾಕುತ್ತಾರಲ್ಲ, ಹಾಗೆ ಅಂದೆ. ರೈತನಿಗೆ ಪ್ರತಿ ಮಂಡಿಯ ತಕ್ಕಡಿ ಪರೀಕ್ಷೆ ಮಾಡಲು ಆಗುವುದಿಲ್ಲ. ಮುದ್ರೆ ಹೇಗಿರುತ್ತದೆ ಅಂತ ಗೊತ್ತಿದ್ದರೆ ಸಾಕು. ಇಲ್ಲಿ ಇಲಾಖೆ ನಾವೇ. ಓಪನ್‌ಎಸ್‌ಎಸ್‌ಎಲ್ ಬಳಸಿ ನಮ್ಮದೇ ಒಂದು ಮೂಲ ಸರ್ಟಿಫಿಕೇಟ್ ಮಾಡಿದೆ, 10 ವರ್ಷದ್ದು. ಅದರಿಂದ ಸರ್ವರ್‌ಗೆ 2 ವರ್ಷದ ಸರ್ಟಿಫಿಕೇಟ್‌ಗೆ ಮುದ್ರೆ ಒತ್ತಿದೆ. ಮುದ್ರೆ ಒತ್ತುವ ಗುಟ್ಟಿನ ಕೀಲಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಸರ್ವರ್‌ನಿಂದ ಅಳಿಸಿದೆ. ಪೆನ್‌ಡ್ರೈವ್ ಈಗ ಯಜಮಾನರ ತಿಜೋರಿಯಲ್ಲಿ, ತೋಟದ ಪಹಣಿ ಜೊತೆ ಇದೆ.

ಸರ್ವರ್ ಮೊದಲ ಸಲ ಏಳಲೇ ಇಲ್ಲ. ಅದರ ಕೀಲಿ ಫೈಲನ್ನು ಬೇರೆಯವರೂ ಓದಬಹುದಾದ ಹಾಗೆ ಇಟ್ಟಿದ್ದೆ. ಪೋಸ್ಟ್‌ಗ್ರೆಸ್ ಈ ವಿಷಯದಲ್ಲಿ ಮಡಿವಂತ. ಫೈಲ್ ತನ್ನ ಹೆಸರಲ್ಲಿದ್ದರೆ ಅನುಮತಿ 0600, ಅಂದರೆ ಮಾಲೀಕನೊಬ್ಬನೇ ಓದಿ ಬರೆಯುವಷ್ಟು, ಮೀರಬಾರದು. ಇಲ್ಲದಿದ್ದರೆ ಮುಟ್ಟುವುದೇ ಇಲ್ಲ. ಅದನ್ನು ಸರಿಮಾಡಿ, ಶಾಖೆಗಳ ಸಾಲುಗಳನ್ನು ಹೋಸ್ಟ್ ಬದಲು ಹೋಸ್ಟ್‌ಎಸ್‌ಎಸ್‌ಎಲ್ ಅಂತ ಬದಲಾಯಿಸಿದೆ. ಗೂಢಲಿಪಿ ಇಲ್ಲದೆ ಬಂದರೆ ಆ ಸಾಲು ಹೊಂದುವುದೇ ಇಲ್ಲ. ಹಾಗೆ ಬಂದವರು ಜಾರಿ ಕೆಳಗಿನ ಟ್ರಸ್ಟ್ ಸಾಲಿಗೆ ಬೀಳುತ್ತಾರೆ ಅಂತ ಹೊಳೆದದ್ದು ಅರ್ಧ ಗಂಟೆ ಆದ ಮೇಲೆ. ಹೊಸ ಹೆಸರುಗಳಿಗೆ ಬರಿಯ ಹೋಸ್ಟ್ ಆಗಿ ಬಂದರೆ ರಿಜೆಕ್ಟ್ ಅನ್ನುವ ಸಾಲನ್ನೂ ನಡುವೆ ಸೇರಿಸಿದೆ.

ಕ್ಲೈಂಟ್ ಕಡೆ ಎಸ್‌ಎಸ್‌ಎಲ್ ಮೋಡ್ ಅಂತ ಒಂದು ಆಯ್ಕೆ ಇದೆ. ತುಂಬಾ ಜನ ಜಾರಿ ಬೀಳುವುದು ಇಲ್ಲಿ. ಅದರಲ್ಲಿ ಒಂದು ಪ್ರಿಫರ್. ಸಿಕ್ಕಿದರೆ ಗೂಢಲಿಪಿ, ಸಿಗದಿದ್ದರೆ ಬಟಾಬಯಲು, ಎರಡೂ ಅದಕ್ಕೆ ಒಂದೇ. ರಿಕ್ವೈರ್ ಅಂದರೆ ಗೂಢಲಿಪಿ ಬೇಕೇ ಬೇಕು. ಆದರೆ ಎದುರಿಗಿರುವವರು ಯಾರು ಅಂತ ಅದು ಗಟ್ಟಿಯಾಗಿ ವಿಚಾರಿಸುವುದಿಲ್ಲ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಾರಲ್ಲ, ಹಾಗೆ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ, ಸರಿ. ಆದರೆ ಟವೆಲ್ ಕೆಳಗಿರುವ ಕೈ ಯಾರದ್ದು? ಅದನ್ನೂ ನೋಡುವುದು ವೆರಿಫೈ-ಫುಲ್. ಮುದ್ರೆ ಸರಿಯಿದೆಯಾ, ಸರ್ಟಿಫಿಕೇಟಿನಲ್ಲಿರುವ ಹೆಸರೂ ನಾನು ಕರೆದ ಹೆಸರೂ ಒಂದೇನಾ, ಎರಡನ್ನೂ ನೋಡುತ್ತದೆ. ನಾನು ಸರ್ಟಿಫಿಕೇಟಿಗೆ ಹೆಸರು ಕೊಟ್ಟಿದ್ದೆ, ಶಾಖೆಗಳು ಐಪಿ ಅಂಕಿಯಿಂದ ಕರೆಯುತ್ತಿದ್ದವು. ಹೊಂದಲಿಲ್ಲ. ಪ್ರತಿ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ ಹೆಸರು ಬರೆದು ಹೆಸರಿನಿಂದಲೇ ಕರೆಯುವ ಹಾಗೆ ಮಾಡಿದೆ.

ಮೂರು ಶಾಖೆ ದಾಟಿದವು. ಉಳಿದದ್ದು ಅಕ್ಕನ ಊರು.

ಅಲ್ಲಿಯದನ್ನೂ ಇಲ್ಲಿಂದಲೇ ಕೂತು ಮಾಡಲು ನೋಡಿದೆ. "ಸರ್ಟಿಫಿಕೇಟ್ ವೆರಿಫೈ ಫೇಲ್ಡ್" ಅಂತ ಮೂರೇ ಪದ. ಕಾರಣ ಇಲ್ಲ. ಮೂಲ ಸರ್ಟಿಫಿಕೇಟ್ ಮತ್ತೆ ಕಳಿಸಿದೆ. ಅದೇ ಮೂರು ಪದ. ಎರಡು ದಿನ ಫೋನಿನಲ್ಲಿ ಅಕ್ಕನ ತಲೆ ತಿಂದು, ಮೂರನೇ ದಿನ ಬಸ್ ಹತ್ತಿದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ದಾರಿಯುದ್ದಕ್ಕೂ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮಂಡಗದ್ದೆಯಲ್ಲಿ ಅರ್ಧ ಮುಳುಗಿದ ಮರಗಳ ಮೇಲೆ ಬೆಳ್ಳಕ್ಕಿಗಳು. ಕಿಟಕಿಯ ಶೀಟಿನ ಸಂದಿಯಿಂದ ಸುರಿದ ನೀರಿಗೆ ನನ್ನ ಬ್ಯಾಗ್ ಒದ್ದೆ, ಲ್ಯಾಪ್‌ಟಾಪ್ ಬಚಾವ್.

ಅಕ್ಕ ಕೊಟ್ಟ ಕಷಾಯ ಕುಡಿದು ಕೂತೆ. ಫೈಲ್ ಇರುವ ಜಾಗ ನೋಡಿದೆ. ವಿಂಡೋಸ್‌ನಲ್ಲಿ ಮೂಲ ಸರ್ಟಿಫಿಕೇಟ್ ಆ್ಯಪ್‌ಡೇಟಾ ಒಳಗಿನ ಪೋಸ್ಟ್‌ಗ್ರೆಸ್‌ಕ್ಯೂಎಲ್ ಫೋಲ್ಡರಿನಲ್ಲಿರಬೇಕು, ಹೆಸರು ರೂಟ್ ಡಾಟ್ ಸಿಆರ್‌ಟಿ ಆಗಿರಬೇಕು. ಅದೂ ಒಬ್ಬೊಬ್ಬ ವಿಂಡೋಸ್ ಬಳಕೆದಾರರಿಗೆ ಬೇರೆ ಬೇರೆ. ಎಲ್ಲ ಸರಿಯಿತ್ತು. ಹೆಸರು ಸರಿ. ಡ್ರೈವರ್ ಸರಿ. ಹೊಟ್ಟೆ ಹಸಿಯಿತು, ಅಕ್ಕಿ ರೊಟ್ಟಿ ಬಂತು. ತಿನ್ನುತ್ತಾ ಸುಮ್ನೆ ಕೇಳಿದೆ, "ಈ ಕಂಪ್ಯೂಟರಲ್ಲಿ ಬೇರೆ ಎಂತಾದ್ರೂ ತೊಂದರೆ ಇದೆಯಾ ಅಕ್ಕ?"

"ಎಂತದೂ ಇಲ್ಲ. ಗೂಗಲ್ ಒಂದು ಬರಲ್ಲ. ನೆಟ್ ಸರಿ ಇಲ್ಲ ಅಂತ ಬಿಟ್ಟಿದ್ದೆ."

ರೊಟ್ಟಿ ಕೈಯಲ್ಲೇ ಉಳಿಯಿತು. ಬಿಲ್ಲಿಂಗ್ ನಡೆಯುತ್ತದೆ, ಗೂಗಲ್ ಬರುವುದಿಲ್ಲ ಅಂದರೆ ನೆಟ್ ತೊಂದರೆ ಹೇಗಾಗುತ್ತದೆ? ಪರದೆಯ ಬಲಮೂಲೆ ನೋಡಿದೆ. 2010ರ ಜನವರಿ 1.

ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತು ಯಾವ ಕಾಲ ಆಗಿತ್ತೋ. ಸಿಡಿಲಿಗೆ ಹೆದರಿ ಅಕ್ಕ ದಿನಾ ಸಂಜೆ ಎಲ್ಲ ಪ್ಲಗ್ ಕಿತ್ತಿಟ್ಟು ಮನೆಗೆ ಹೋಗುತ್ತಿದ್ದರು. ಆ ಕಡೆಯಲ್ಲಿ ಅದು ಮಾಡಲೇಬೇಕಾದ ಕೆಲಸ. ಹಾಗಾಗಿ ದಿನಾ ಬೆಳಿಗ್ಗೆ ಆ ಕಂಪ್ಯೂಟರಿಗೆ ಹೊಸ ವರ್ಷ. ಬಿಲ್ಲಿನ ಮೇಲೆ ಬೀಳುವ ತಾರೀಖು ಸರ್ವರ್‌ನಿಂದ ಬರುತ್ತಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ವಿಂಡೋಸ್ ಇಂಟರ್ನೆಟ್ ನೋಡಿ ಗಡಿಯಾರ ತಿದ್ದಿಕೊಳ್ಳುತ್ತದೆ, ನಿಜ. ಆದರೆ ಮಾಮೂಲಿ ಸೆಟ್ಟಿಂಗಿನಲ್ಲಿ ವ್ಯತ್ಯಾಸ 15 ಗಂಟೆ ಮೀರಿದರೆ ಅದು ಕೈ ಹಾಕುವುದಿಲ್ಲ. 2010ರಲ್ಲಿ ಕೂತ ಕಂಪ್ಯೂಟರಿಗೆ ನನ್ನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇರಲಿಲ್ಲ. ಗೂಗಲ್‌ನದ್ದೂ ಅಷ್ಟೇ. ಹುಟ್ಟದೇ ಇರುವುದಕ್ಕೆ ಮುದ್ರೆ ಎಲ್ಲಿಯದು?

ಪೇಟೆಯ ವಾಚ್ ರಿಪೇರಿ ಅಂಗಡಿಯಲ್ಲಿ ಸಿಆರ್2032 ಬ್ಯಾಟರಿ ಸಿಕ್ಕಿತು. ಹಾಕಿದೆ. ಗಡಿಯಾರ ಸರಿ ಮಾಡಿದೆ. ಒಂದೇ ಸಲಕ್ಕೆ ಒಳಗೆ ಹೋಯಿತು. ಅಕ್ಕನಿಗೆ ಖುಷಿಯಾದದ್ದು ಗೂಗಲ್ ಬಂದದ್ದಕ್ಕೆ.

ಮುಂದಿನ ಭಾನುವಾರ ಟ್ರಸ್ಟ್ ಸಾಲನ್ನು ಅಳಿಸಿ ರೀಲೋಡ್ ಮಾಡಿದೆ. ಆಗಲೇ ಒಳಗಿರುವ ಸಂಪರ್ಕಗಳನ್ನು ರೀಲೋಡ್ ಹೊರಗೆ ಹಾಕುವುದಿಲ್ಲ. ಬಾಗಿಲಲ್ಲಿ ಕೇಳುವುದು ಬರುವಾಗ ಮಾತ್ರ. ಅದಕ್ಕೆ ಹಳೆಯ ಸಂಪರ್ಕಗಳನ್ನು ಒಂದೊಂದಾಗಿ ಕಡಿದೆ. ಸೋಮವಾರ ನಾಲ್ಕೂ ಶಾಖೆ ಆರಾಮವಾಗಿ ಶುರುವಾದವು. ಯಜಮಾನರ ಸ್ವಂತ ಲ್ಯಾಪ್‌ಟಾಪಿನ ಎಕ್ಸೆಲ್ ವರದಿ ಮಾತ್ರ ನಿಂತು, ಅವರಿಂದ ಎರಡು ಮಾತು ಕೇಳಿಸಿಕೊಂಡೆ. ಅದು ಹಳೆಯ ಸೂಪರ್‌ಯೂಸರ್ ಹೆಸರಲ್ಲಿ ಬರುತ್ತಿತ್ತು. ಅವರಿಗೆ ಓದಲು ಮಾತ್ರ ಹಕ್ಕಿರುವ ಬೇರೆ ಹೆಸರು ಕೊಟ್ಟೆ.

ಬುಧವಾರ ಬೇರೆ ಏನೋ ಹುಡುಕುತ್ತಾ ಬ್ಯಾಕಪ್ ಫೋಲ್ಡರಿಗೆ ಹೋದೆ. ಭಾನುವಾರದ ಫೈಲ್ 20 ಬೈಟ್. ಸೋಮವಾರದ್ದು 20. ಮಂಗಳವಾರದ್ದು 20. ಖಾಲಿಯನ್ನು ಜಿಜಿಪ್‌ನಿಂದ ಕುಗ್ಗಿಸಿದರೆ ಸರಿಯಾಗಿ 20 ಬೈಟ್ ಆಗುತ್ತದೆ ಅಂತ ಅವತ್ತು ಕಲಿತೆ. ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಕೂಡ ನಾಲ್ಕು ವರ್ಷ ಟ್ರಸ್ಟ್ ಸಾಲನ್ನೇ ನಂಬಿಕೊಂಡು ಬದುಕಿತ್ತು. ಪಾಸ್‌ವರ್ಡ್ ಕೇಳಿದ ಕೂಡಲೇ ಸದ್ದಿಲ್ಲದೆ ಸತ್ತಿತ್ತು. ಬೆನ್ನಲ್ಲಿ ತಣ್ಣಗಾಯಿತು. ಆ ಮೂರು ರಾತ್ರಿಯಲ್ಲಿ ಡಿಸ್ಕ್ ಹೋಗಿದ್ದರೆ ನಾನು ಊರು ಬಿಡಬೇಕಿತ್ತು. ಪಿಜಿಪಾಸ್ ಫೈಲಿನಲ್ಲಿ ಪಾಸ್‌ವರ್ಡ್ ಇಟ್ಟು, ಅದಕ್ಕೂ 0600 ಕೊಟ್ಟೆ. ಕೊಡದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫೈಲ್ ಚಿಕ್ಕದಾದರೆ ನನ್ನ ಫೋನಿಗೆ ಸಂದೇಶ ಬರುವ ಹಾಗೆ ಮಾಡಿದೆ. ವೈಫೈಯನ್ನು ಸರ್ವರ್‌ನ ನೆಟ್‌ವರ್ಕಿನಿಂದ ಬೇರೆ ಮಾಡಿದ್ದು ಅದರ ಮುಂದಿನ ವಾರ.

ದೀಪಾವಳಿ ಹೊತ್ತಿಗೆ ಕೊಯ್ಲು ಶುರುವಾಗಿತ್ತು. ಒಂದು ಬೆಳಿಗ್ಗೆ ಅಕ್ಕನ ಫೋನ್. ಹಿಂದೆ ಗದ್ದಲ, ಜನ ಕಾಯುತ್ತಿರುವುದು ಕೇಳುತ್ತಿತ್ತು.

"ತಮ್ಮಾ, ಸರಿ ಪಾಸ್‌ವರ್ಡೇ ಹಾಕ್ತಿದ್ದೀನಿ ಮಾರಾಯ. ಮೂರು ಸಲ ಆಯ್ತು. ಬಿಡ್ತಾನೇ ಇಲ್ಲ!"

"ಅಕ್ಕ, ನುಡಿ ಆನ್ ಇದೆಯಾ ನೋಡಿ."

ಒಂದು ಕ್ಷಣ ಮಾತಿಲ್ಲ. ಆಮೇಲೆ ಕೀಲಿ ಒತ್ತಿದ ಸದ್ದು.

"ಹ್ಞಾಂ, ಹೋಯ್ತು. ಇಡ್ತೀನಿ, ಜನ ಕಾಯ್ತಿದಾರೆ."